ಒಬ್ಬಳಿಗೇ ತಿಳಿದ ಚೌಕಟ್ಟು

ಹುಮನಾಬಾದಿನ ಬಟ್ಟೆ ವ್ಯಾಪಾರಿ ಮಹಾರುದ್ರಪ್ಪನವರಿಗೆ ಒಂದೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿತ್ತು. ಅವರ ಹಿರಿಯ ಮಗಳು ದೀಪಾಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಏನು ಮಾಡುತ್ತಾಳೆ? ನೌಕರಿ ಎನ್ನೋಣವೆಂದರೆ ಮೇಲೆ ಯಜಮಾನನಿಲ್ಲ, ವ್ಯಾಪಾರ ಎನ್ನೋಣವೆಂದರೆ ಮುಂದೆ ಗಲ್ಲಾಪೆಟ್ಟಿಗೆಯಿಲ್ಲ. ಜಹೀರಾಬಾದಿನ ಬೀಜದ ವ್ಯಾಪಾರಿಗಳಿಗೆ, ಸೋಲಾಪುರದ ಚಾದರದವರಿಗೆ, ಪುಣೆಯ ಒಂದು ಶಾಲೆಗೆ ಆಕೆ ವೆಬ್‌ಸೈಟ್ ಕಟ್ಟಿಕೊಡುತ್ತಿದ್ದಳು. ಕೆಲಸ ಹುಡುಕಿ ತರುವವಳೂ ಅವಳೇ, ಮಾಡಿ ಮುಗಿಸುವವಳೂ ಅವಳೇ. "ಟೈಪಿಂಗೇನ್ರಿ?" ಎಂದು ಗಿರಾಕಿಗಳು ಕೇಳಿದಾಗ ಮಹಾರುದ್ರಪ್ಪನವರು ಮೊದಮೊದಲು ಬಿಡಿಸಿ ಹೇಳಲು ಹೋಗುತ್ತಿದ್ದರು. ಆಮೇಲೆ "ಹೌದ್ರಿ, ಟೈಪಿಂಗ" ಎಂದು ಸೀರೆ ಮಡಚತೊಡಗಿದರು.

2007ರ ಚಳಿಗಾಲದಲ್ಲಿ ದೀಪಾಲಿಗೆ ಎರಡು ಒಟ್ಟೊಟ್ಟಿಗೇ ಬಂದವು. ಒಂದು, ಗುಲಾಮ್ ರಸೂಲರ ಕೆಲಸ. ಇನ್ನೊಂದು, ಬಸವಕಲ್ಯಾಣದ ವರ.

ಗುಲಾಮ್ ರಸೂಲರು ಹೆದ್ದಾರಿಯ ಮೇಲೆ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸು ನಡೆಸುವವರು. ಅದೇ ಹೆದ್ದಾರಿಯಲ್ಲಿ ಅಪಘಾತವಾಗಿ, ವೇಳೆಗೆ ಸರಿಯಾಗಿ ರಕ್ತ ಸಿಗದೆ ಅವರ ತಮ್ಮ ತೀರಿಕೊಂಡಿದ್ದ. ಅಂದಿನಿಂದ ಅವರು ಸುತ್ತಲಿನ ಊರುಗಳಲ್ಲಿ ರಕ್ತ ಕೊಡಲು ಒಪ್ಪುವವರನ್ನು ಹುಡುಕಿ ಹುಡುಕಿ ಹೆಸರು ಬರೆದುಕೊಳ್ಳುತ್ತಿದ್ದರು. ಯಾರಿಗಾದರೂ ಬೇಕಾದರೆ ತಮ್ಮದೇ ಜೀಪಿನಲ್ಲಿ ಅವರನ್ನು ಕೂರಿಸಿಕೊಂಡು ಬೀದರಿನ ದವಾಖಾನೆಗೆ ಓಡುತ್ತಿದ್ದರು. ಹೆಸರು ಬೆಳೆಯುತ್ತ ಹೋದಂತೆ ಅದು ಅವರ ಕೈಮೀರಿತು. ಯಾರು ಈಗ ಊರಲ್ಲಿದ್ದಾರೆ, ಯಾರು ಕಬ್ಬು ಕಡಿಯಲು ಗುಳೆ ಹೋಗಿದ್ದಾರೆ, ಯಾರು ಮೊನ್ನೆಯಷ್ಟೇ ಕೊಟ್ಟು ಇನ್ನೂ ಕೊಡುವ ಹಾಗಿಲ್ಲ, ಇದೆಲ್ಲ ಕ್ಷಣದಲ್ಲಿ ತಿಳಿಯಬೇಕು ಎಂದು ದೀಪಾಲಿಯ ಕೋಣೆಯ ಮೆಟ್ಟಿಲು ಹತ್ತಿ ಬಂದರು.

"ಬೇಟಿ, ನನಗ ಚೆಂದ ಬ್ಯಾಡ. ಬಣ್ಣ ಬ್ಯಾಡ. ಆದರ ಗರಜ ಬಿದ್ದ ವ್ಯಾಳ್ಯಾಕ್ಕ ಅದು ತೆರಿಬೇಕು. ಅಷ್ಟ ಮಾಡಿಕೊಡು," ಎಂದರು.

ವೆಬ್‌ಸೈಟ್ ಕಟ್ಟುವವರು ಎಲ್ಲವನ್ನೂ ಬುಡದಿಂದ ಬರೆಯುವುದಿಲ್ಲ. ಮತ್ತೆ ಮತ್ತೆ ಬೇಕಾಗುವ ಭಾಗಗಳನ್ನು ಯಾರೋ ಮೊದಲೇ ಸಿದ್ಧಮಾಡಿ, ಯಾವುದನ್ನು ಎಲ್ಲಿಡಬೇಕೆಂಬ ಶಿಸ್ತನ್ನೂ ಹಾಕಿ ಇಟ್ಟಿರುತ್ತಾರೆ. ದರ್ಜಿಯ ಹತ್ತಿರ ಕುಪ್ಪಸದ ಅಳತೆಗೆ ಕತ್ತರಿಸಿಟ್ಟ ಕಾಗದ ಇರುತ್ತದಲ್ಲ, ಹಾಗೆ. ಅದಕ್ಕೆ ಫ್ರೇಮ್‌ವರ್ಕ್ ಎನ್ನುತ್ತಾರೆ. ಯಾವುದನ್ನು ಆರಿಸಿಕೊಳ್ಳುವುದು ಎಂದು ದೀಪಾಲಿ ಎಷ್ಟೋ ದಿನ ತಲೆ ಕೆಡಿಸಿಕೊಂಡಳು. ಆಗ ಎಲ್ಲರ ಬಾಯಲ್ಲೂ ರೈಲ್ಸ್ ಎಂಬ ಫ್ರೇಮ್‌ವರ್ಕ್ ಇತ್ತು. ಆದರೆ ಅದನ್ನು ನಡೆಸುವ ಸರ್ವರಿನ ಬಾಡಿಗೆ ಗುಲಾಮ್ ರಸೂಲರ ಕೈಗೆ ಎಟಕುವಂಥದ್ದಲ್ಲ. ಪಿಎಚ್‌ಪಿ ಭಾಷೆಯಲ್ಲಿ ಕೋಡ್‌ಇಗ್ನೈಟರ್ ಎಂಬುದೊಂದು ಬಂದಿತ್ತು. ಪುಕ್ಕಟೆ, ಹಗುರ, ಓದಿಕೊಳ್ಳಲು ಪಾಠವೂ ಉಂಟು. ಮೂರನೆಯದು ಆಕೆ ತಾನೇ ಕೂತು, ಎರಡು ವರ್ಷ ಕೂಡಿಸಿ ಕೂಡಿಸಿ ಕಟ್ಟಿಕೊಂಡ ಸ್ವಂತದ್ದು. ಅದರ ಪ್ರತಿ ಕಡತದ ಮೊದಲ ಸಾಲಿನಲ್ಲಿ ಅವಳ ಹೆಸರಿತ್ತು.

ಅಂಬರೀಷ ಸರ್ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದರು. ದೀಪಾಲಿಗೆ ಮೌಸು ಹಿಡಿಯಲು ಕಲಿಸಿದವರೇ ಅವರು. ಕೇಳಿದ ಕೂಡಲೇ ಹೇಳಿಬಿಟ್ಟರು.

"ಹತ್ತು ಮಂದಿಗೆ ಗೊತ್ತಿದ್ದದ್ದು ತಗೋ. ನಿನ್ನದು ಛಲೋನ ಅದ, ನಾ ಇಲ್ಲ ಅನ್ನಂಗಿಲ್ಲ. ಆದರ ನಾಳೆ ನೀ ಇರಲಿಲ್ಲ ಅಂದ್ರ ಅದರಾಗ ಕೈ ಹಾಕೋರು ಯಾರು?"

"ನಾ ಎಲ್ಲಿ ಹೋಗ್ತೀನಿ ಸರ್?"

"ಮದ್ವಿ ಮಾಡ್ಕೊಂಡು ಹೋಗಾಕತ್ತೀಯಲ್ಲ ತಾಯಿ," ಎಂದು ಅವರು ನಕ್ಕರು.

ಮದುವೆಯ ಮಾತೇ ಅವಳ ಮನಸ್ಸನ್ನು ಇನ್ನೊಂದು ಕಡೆಗೆ ವಾಲಿಸಿತ್ತೆಂದು ಅವರಿಗೆ ಗೊತ್ತಿರಲಿಲ್ಲ. ಬಸವಕಲ್ಯಾಣದಲ್ಲಿ ರಸಗೊಬ್ಬರದ ಅಂಗಡಿ ಇಟ್ಟಿದ್ದ ಬಸವಕುಮಾರ ಒಳ್ಳೆಯ ಹುಡುಗ. ಆ ಬಗ್ಗೆ ದೂರಿಲ್ಲ. ಆದರೆ ಆ ಮನೆಯಲ್ಲಿ ಮಾತು ನಡೆಯುವುದು ಅವನ ಅಜ್ಜಿ ಭಾಗಮ್ಮನದು. ಸೊಸೆ ಬಂದ ದಿನವೇ ಆಕೆಗೆ ಹೊಸ ಹೆಸರಿಡುವುದು ಆ ಮನೆಯ ಪದ್ಧತಿ. ತಟ್ಟೆಯ ತುಂಬ ಅಕ್ಕಿ ಹರವಿ ಗಂಡ ಉಂಗುರದಿಂದ ಆ ಹೆಸರು ಬರೆಯುತ್ತಾನೆ. ಅಂದಿನಿಂದ ತವರಿನ ಹೆಸರು ಆ ಹೊಸ್ತಿಲ ಒಳಗೆ ಯಾರ ಬಾಯಲ್ಲೂ ಬರುವುದಿಲ್ಲ. ದೀಪಾಲಿಯ ಜೊತೆ ಓದಿದ ಎಷ್ಟೋ ಹುಡುಗಿಯರು ಹೀಗೇ ಯಾವ್ಯಾವುದೋ ಹೆಸರಿನ ಹಿಂದೆ ಮರೆಯಾಗಿದ್ದರು.

ನಿಶ್ಚಯದ ದಿನ ಹುಡುಗಿಯ ಕೆಲಸದ ಮಾತು ಬಂದಾಗ ಭಾಗಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದಳು. "ಮಾಡಲಿ, ಮನ್ಯಾಗ ಕುಂತು ಮಾಡೂದೇ ಅದ. ಆದರ ಬ್ಯಾರೆಯವರು ಮಾಡೂ ಹಂಗಿದ್ರ ಅವರ ಮಾಡಲಿ. ಇಕಿನ ಬೇಕು ಅಂತಿದ್ರ ಮಾತ್ರ ಇಕಿ ಮಾಡಲಿ."

ಮುದುಕಿ ಅದನ್ನು ಕೆಡುಕಿನಿಂದ ಹೇಳಿರಲಿಲ್ಲ. ಆದರೆ ಆ ಮಾತು ದೀಪಾಲಿಯ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಬೇರೆಯವರು ಮಾಡುವಂತಿದ್ದರೆ! ಕೋಡ್‌ಇಗ್ನೈಟರಿನಲ್ಲಿ ಕಟ್ಟಿದ್ದನ್ನು ಅಂಬರೀಷ ಸರ್ ಮಾಡಬಲ್ಲರು, ಬೀದರಿನ ಯಾವ ಹುಡುಗನೂ ಮಾಡಬಲ್ಲ. ತನ್ನದರಲ್ಲಿ ಕಟ್ಟಿದ್ದನ್ನು ತಾನೊಬ್ಬಳೇ ಮಾಡಬೇಕು. ಆ ಕೆಲಸ ಇರುವವರೆಗೂ ತನ್ನನ್ನು ಕೇಳಿಕೊಂಡು ಜನ ಬರಲೇಬೇಕು, ತನ್ನ ಹೆಸರು ಹಿಡಿದು ಕರೆಯಲೇಬೇಕು. ಕಳೆದುಹೋಗುವ ಭಯ ಇದ್ದವರಿಗೆ ಇದಕ್ಕಿಂತ ದೊಡ್ಡ ಆಸೆ ಯಾವುದಿದೆ? ಆಕೆ ತನ್ನದನ್ನೇ ಆರಿಸಿದಳು. ವೇಗ ಹೆಚ್ಚು ಎಂದು ಅಂಬರೀಷ ಸರ್‌ಗೆ ಹೇಳಿದಳು, ಗುಲಾಮ್ ರಸೂಲರಿಗೂ ಅದನ್ನೇ ಹೇಳಿದಳು.

ಸೈಟು ನಿಜಕ್ಕೂ ಚೆನ್ನಾಗಿ ನಡೆಯಿತು. ಆಫೀಸಿನಲ್ಲಿ ಫೋನು ನೋಡಿಕೊಳ್ಳುತ್ತಿದ್ದ ಹಜಿರಾ ಬೀ ದಿನಕ್ಕೊಮ್ಮೆ ಊರೂರಿಗೆ ವಿಚಾರಿಸಿ ಅದರಲ್ಲಿ ತುಂಬುತ್ತಿದ್ದಳು. ಹೆಸರು ಬರೆದಿಟ್ಟ ಹಳೆಯ ಚೀಟಿಗಳನ್ನೆಲ್ಲ ಗುಲಾಮ್ ರಸೂಲರು ಕಟ್ಟಿ ಅಟ್ಟಕ್ಕೆ ಹಾಕಿದರು. "ಈಗ ನನಗ ನಿದ್ದಿ ಬರ್ತದ ಬೇಟಿ," ಎಂದು ಅವರು ಹೇಳಿದಾಗ ದೀಪಾಲಿಗೆ ಹೆಮ್ಮೆಯಾಯಿತು.

ಮರುವರ್ಷ ಬೇಸಿಗೆಯಲ್ಲಿ ಮದುವೆಯಾಯಿತು. ಅಕ್ಕಿಯಲ್ಲಿ ಬಸವಕುಮಾರ 'ಶಿವಲೀಲಾ' ಎಂದು ಬರೆದ. ಭಾಗಮ್ಮನೇ ಆರಿಸಿದ ಹೆಸರು. ಮೊಬೈಲನ್ನು ತಂಗಿ ರೂಪಾಲಿಗೆ ಬಿಟ್ಟು ದೀಪಾಲಿ ಬಸವಕಲ್ಯಾಣಕ್ಕೆ ಬಂದಳು. ಹೊಸ ಮನೆಯ ಫೋನ್ ನಂಬರನ್ನು ಗುಲಾಮ್ ರಸೂಲರಿಗೆ ಕೊಟ್ಟೇ ಬಂದಿದ್ದಳು. ಅವರದನ್ನು ಆಫೀಸಿನ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿಕೊಂಡಿದ್ದರು.

ಕೈಯ ಅರಿಶಿನ ಇನ್ನೂ ಮಾಸಿರಲಿಲ್ಲ. ಒಂದು ಮಧ್ಯಾಹ್ನ ಆಕೆ ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಪಡಸಾಲೆಯಲ್ಲಿ ಫೋನು ಹೊಡೆದುಕೊಂಡಿತು. ಭಾಗಮ್ಮ ಎತ್ತಿದಳು.

"ಯಾರು? ದೀಪಾಲಿ? ಇಲ್ರಿ. ದೀಪಾಲಿ ಅನ್ನಾಕಿ ನಮ್ಮ ಮನ್ಯಾಗ ಯಾರೂ ಇಲ್ಲ."

ರೊಟ್ಟಿ ಬಡಿಯುವ ಕೈ ನಿಂತಿತು. ಎದ್ದು ಹೋಗಿ 'ಆಯಿ, ನಾನೇರಿ ಅದು' ಎನ್ನಬಹುದಿತ್ತು. ಆದರೆ ಗಂಡಸೊಬ್ಬ ಹೊಸ ಸೊಸೆಯನ್ನು ತವರಿನ ಹೆಸರು ಹಿಡಿದು ಕೇಳುತ್ತಿದ್ದಾನೆ, ಪಡಸಾಲೆಯಲ್ಲಿ ಬೀಗರು ಕೂತಿದ್ದಾರೆ, ಕೈ ತುಂಬ ಹಿಟ್ಟು. ಸೋಲಾಪುರದ ಚಾದರದವರಿರಬೇಕು, ಸಂಜೆ ಗಂಡನ ಮೊಬೈಲಿನಿಂದ ಮಾತಾಡಿದರಾಯಿತು ಎಂದು ಆಕೆ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಸ್ವಲ್ಪ ಹೊತ್ತಿಗೆ ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ಎದ್ದು ಬಾಗಿಲವರೆಗೂ ಬಂದಳು. ಅಷ್ಟರಲ್ಲಿ ಭಾಗಮ್ಮ ಅದೇ ಉತ್ತರ ಕೊಟ್ಟು ರಿಸೀವರ್ ಇಟ್ಟಾಗಿತ್ತು.

"ಯಾರ್ರಿ ಆಯಿ?"

"ಯಾರೋ ಏನೋ. ರಾಂಗ್ ನಂಬರ."

ದೀಪಾಲಿ ತಿರುಗಿ ಒಲೆಯ ಮುಂದೆ ಹೋಗಿ ಕೂತಳು. ಸಂಜೆ ಮನೆ ತುಂಬ ಮಂದಿ. ಮೊಬೈಲು ಕೇಳಲು ನಾಚಿಕೆಯಾಗಿ ಅದನ್ನೂ ಬಿಟ್ಟಳು.

ಮರುದಿನ ರೂಪಾಲಿ ಫೋನು ಮಾಡಿ ಅಕ್ಕನನ್ನು ಕೇಳಿದಳು. ಅವಳಿಗೆ ಈ ಮನೆಯ ರೀತಿ ಗೊತ್ತು. 'ಶಿವಲೀಲಾ' ಎಂದೇ ಕೇಳಿದಳು. ತನಗೆ ರಾತ್ರಿಯಷ್ಟೇ ತಿಳಿದ ಸುದ್ದಿ ಹೇಳಿದಳು. ಬೇಮಳಖೇಡದ ಏಕನಾಥನ ಹೆಂಡತಿ ವರ್ಷಾ, ಬೀದರಿನ ದವಾಖಾನೆಯಲ್ಲಿ ಚೊಚ್ಚಲ ಹೆರಿಗೆ. ಕೂಸು ಹುಟ್ಟಿತು, ರಕ್ತ ನಿಲ್ಲಲಿಲ್ಲ. ಬಿ ನೆಗೆಟಿವ್ ಬೇಕಾಗಿತ್ತು. ಹಜಿರಾ ಬೀ ಸೈಟು ತೆರೆದರೆ ಬರೀ ಬಿಳೀ ಹಾಳೆ. ಅಂಬರೀಷ ಸರ್ ಓಡಿ ಬಂದು ಒಳಗೆ ಕೈ ಹಾಕಿದರು, ಅವರಿಗೆ ಬುಡ ತುದಿ ತಿಳಿಯಲಿಲ್ಲ. ಬಸವಕಲ್ಯಾಣಕ್ಕೆ ಫೋನು ಮಾಡಿದರೆ ಅಂಥವರು ಯಾರೂ ಇಲ್ಲವೆಂದರು. ಗುಲಾಮ್ ರಸೂಲರು ನೆನಪಿದ್ದವರಿಗೆಲ್ಲ ಫೋನು ಹಚ್ಚಿದರು. ಒಬ್ಬ ಕಬ್ಬಿಗೆ ಹೋಗಿದ್ದ, ಇನ್ನೊಬ್ಬ ಹಿಂದಿನ ತಿಂಗಳಷ್ಟೇ ಕೊಟ್ಟಿದ್ದ. ಕಡೆಗೆ ರಾಜೇಶ್ವರದ ದೇವಿಂದ್ರಪ್ಪ ಸಿಕ್ಕ. ಅವನು ಆ ಮಧ್ಯಾಹ್ನವೆಲ್ಲ ಮನೆಯ ಕಟ್ಟೆಯ ಮೇಲೇ ಕೂತಿದ್ದನಂತೆ. ಅವನನ್ನು ಹತ್ತಿಸಿಕೊಂಡು ಜೀಪು ಬೀದರ ಮುಟ್ಟುವ ಹೊತ್ತಿಗೆ ವರ್ಷಾ ಹೋಗಿಬಿಟ್ಟಿದ್ದಳು.

"ಡಾಕ್ಟರ್ ಅಂದ್ರಂತಕ್ಕ, ಮೊದಲ ಸಿಕ್ಕಿದ್ರೂ ಉಳೀತಿದ್ಲು ಅಂತ ಹೇಳಾಕ ಬರಂಗಿಲ್ಲ ಅಂತ," ಎಂದಳು ರೂಪಾಲಿ. ಆ ಮಾತು ಯಾರಿಗೆ ಸಮಾಧಾನವಾಯಿತೋ, ದೀಪಾಲಿಗಂತೂ ಆಗಲಿಲ್ಲ. ಉಳಿಯುತ್ತಿರಲಿಲ್ಲ ಎಂದೂ ಅವರು ಹೇಳಿರಲಿಲ್ಲ.

ಬಸವಕುಮಾರ ಏನೂ ಕೇಳದೆ ಆಕೆಯನ್ನು ಊರೊಳಗಿನ ಸೈಬರ್ ಕೆಫೆಗೆ ಕರೆದೊಯ್ದ. ಸರ್ವರಿನವರು ಪಿಎಚ್‌ಪಿಯ ಹಳೆಯ ಆವೃತ್ತಿ ತೆಗೆದು ಹೊಸದು ಹಾಕಿದ್ದರು, ಇವಳು ಕಟ್ಟಿದ್ದು ಹೊಸದರಲ್ಲಿ ನಡೆಯಲಿಲ್ಲ. ಮೊದಲೇ ಮೇಲ್ ಕಳಿಸಿ ತಿಳಿಸಿದ್ದರು, ಮದುವೆಯ ಗದ್ದಲದಲ್ಲಿ ಆಕೆ ನೋಡಿರಲಿಲ್ಲ. ಕೋಡ್‌ಇಗ್ನೈಟರಿನಂಥದ್ದು ಎರಡರಲ್ಲೂ ನಡೆಯುತ್ತದೆ. ಅದನ್ನು ನೋಡಿಕೊಳ್ಳಲು ಲೋಕದ ತುಂಬ ಮಂದಿ ಇದ್ದಾರೆ. ಇವಳದನ್ನು ನೋಡಿಕೊಳ್ಳಲು ಇವಳೊಬ್ಬಳೇ, ಇವಳು ರೊಟ್ಟಿ ಬಡಿಯುತ್ತಿದ್ದಳು. ಎರಡು ಸಾಲು ತಿದ್ದಿದಳು, ಸೈಟು ತೆರೆದುಕೊಂಡಿತು. ಬಿ ನೆಗೆಟಿವ್ ಎಂದು ಒತ್ತಿದಳು. ದೇವಿಂದ್ರಪ್ಪ, ರಾಜೇಶ್ವರ, ಊರಲ್ಲಿದ್ದಾರೆ ಎಂದು ಮೊದಲ ಸಾಲಿನಲ್ಲೇ ಬಂತು. ಆಕೆ ಕೆಫೆಯ ಕುರ್ಚಿಯಲ್ಲಿ ಕೂತೇ ಬಿಕ್ಕಿ ಬಿಕ್ಕಿ ಅತ್ತಳು.

ಆ ದಿನ ಊಟಕ್ಕೆ ಏಳಲಿಲ್ಲ. ಭಾಗಮ್ಮ ಬಂದು ಹತ್ತಿರ ಕೂತು ತಲೆ ಸವರಿ ಕೇಳಿದಾಗ ಆಕೆ ಎಲ್ಲವನ್ನೂ ಹೇಳಿದಳು, ತಾನು ಒಳಗಿನಿಂದ ಕೇಳಿಸಿಕೊಂಡು ಸುಮ್ಮನಿದ್ದುದನ್ನೂ ಮುಚ್ಚಿಡಲಿಲ್ಲ. ತಲೆ ಸವರುತ್ತಿದ್ದ ಕೈಯನ್ನು ಮುದುಕಿ ಹಿಂದಕ್ಕೆ ತೆಗೆದುಕೊಂಡಳು.

"ಸುಳ್ಳ ಹೇಳಾಕತ್ತೀನಿ ಅಂತ ನನಗ ಅನಿಸಲಿಲ್ಲ ಯವ್ವಾ," ಎಂದಳು. "ಹೆಸರು ತೆಗದ ಮ್ಯಾಲ ಆಕಿ ಇಲ್ಲ ಅಂತನ ನನಗ ನಂಬಿಗಿ. ನನಗೂ ಹಂಗ ಮಾಡಿದ್ರು. ನನ್ನ ತವರ ಹೆಸರು ಕಾಶಮ್ಮ. ಆ ಹೆಸರು ಹಿಡದು ಕರಿಯೋರು ಈಗ ಭೂಮಿ ಮ್ಯಾಲ ಒಬ್ರೂ ಉಳಿದಿಲ್ಲ."

"ನಿಮ್ಮ ತಪ್ಪಲ್ಲಾಯಿ. ನನ್ನ ಬಿಟ್ಟು ಯಾರಿಗೂ ನಡಸಾಕ ಬರಬಾರದು ಅಂತ ಕಟ್ಟಿದಾಕಿ ನಾನು."

"ಹಂಗಾದ್ರ ಇಬ್ಬರದೂ," ಎಂದು ಭಾಗಮ್ಮ ಎದ್ದು ಹೋದಳು. ಅವಳೂ ಆ ದಿನ ಉಣ್ಣಲಿಲ್ಲ.

ಆಷಾಢ ಬಂತು. ಹೊಸ ಮದುಮಗಳು ಆ ತಿಂಗಳು ಅತ್ತೆಮನೆಯಲ್ಲಿ ಇರುವಂತಿಲ್ಲ, ದೀಪಾಲಿ ಹುಮನಾಬಾದಿಗೆ ಬಂದಳು. ಬಂದವಳೇ ಗುಲಾಮ್ ರಸೂಲರ ಆಫೀಸಿಗೆ ಹೋದಳು. ಬೈಯಲಿ ಎಂದೇ ಹೋಗಿದ್ದಳು. ಅವರು ಎದ್ದು ನಿಂತು ಕುರ್ಚಿ ಸರಿಸಿದರು, ಚಹಾ ತರಿಸಿದರು. ಮದುವೆಯಾಗಿ ಬಂದ ಮಗಳಿಗೆ ಮಾಡುವ ಮರ್ಯಾದೆ ಅದು. ಅವರು ಬೈದಿದ್ದರೆ ಆಕೆಗೆ ಎಷ್ಟೋ ಹಗುರವಾಗುತ್ತಿತ್ತು.

"ಚಾಚಾ, ಇದನ್ನೆಲ್ಲಾ ತೆಗದು ಹೊಸದಾಗಿ ಕಟ್ಟತೀನಿ."

ಅಂಬರೀಷ ಸರ್ ಅಲ್ಲೇ ಇದ್ದರು. ನಿಶ್ಚಯದ ದಿನ ಭಾಗಮ್ಮ ಆಡಿದ ಮಾತು ಅಷ್ಟರಲ್ಲಿ ಅವರ ಕಿವಿಗೂ ಬಿದ್ದಿತ್ತು. "ಯಾಕ? ಈಗ ನೆಟ್ಟಗ ನಡ್ಯಾಕತ್ತದಲ್ಲ. ಹೊಸದು ಕಟ್ಟಿದ್ರ ನಾನೂ ನೋಡಬಹುದು, ಯಾರಾದ್ರೂ ನೋಡಬಹುದು. ಆಮ್ಯಾಲ ನಿನ್ನ ಯಾರು ಕೇಳ್ತಾರ? ಆ ಮನ್ಯಾಗ ನಿನ್ನ ಕೆಲಸ ಉಳೀತದೇನು? ವಿಚಾರ ಮಾಡು."

ಅದನ್ನು ಆಕೆ ವಿಚಾರ ಮಾಡಿರಲಿಲ್ಲವೆಂದಲ್ಲ. ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ಅದನ್ನೇ ತಿರುವಿ ಹಾಕಿದ್ದಳು. ತನ್ನ ಹೆಸರು ಉಳಿದಿದ್ದ ಜಾಗ ಅದೊಂದೇ. ಅದನ್ನು ಅಳಿಸುವ ಕೈಯೂ ತನ್ನದೇ ಆಗಬೇಕಿತ್ತು.

"ಮಾಡೀನಿ ಸರ್. ಹತ್ತು ಮಂದಿಗೆ ಗೊತ್ತಿದ್ದದ್ದರಾಗ ಕಟ್ಟತೀನಿ," ಎಂದಳು.

ಇಡೀ ಆಷಾಢ ಆಕೆ ಆ ಆಫೀಸಿನಲ್ಲೇ ಕೂತಳು. ಕೋಡ್‌ಇಗ್ನೈಟರಿನಲ್ಲಿ ಒಂದೊಂದೇ ಭಾಗ ಹೊಸದಾಗಿ ಬರೆದಳು. ಎಲ್ಲಿ ಏನಿದೆ, ಬಿಳೀ ಹಾಳೆ ಬಂದರೆ ಮೊದಲು ಏನು ನೋಡಬೇಕು ಎಂಬುದನ್ನು ಕನ್ನಡದಲ್ಲಿ ಅಲ್ಲಲ್ಲೇ ಬರೆದಿಟ್ಟಳು. ಹಜಿರಾ ಬೀಯನ್ನು ಪಕ್ಕಕ್ಕೆ ಕೂರಿಸಿಕೊಂಡು ಬೇಕೆಂದೇ ಸೈಟು ಕೆಡಿಸಿ, "ಈಗ ರಿಪೇರಿ ಮಾಡು ನೋಡೋಣ" ಎನ್ನುತ್ತಿದ್ದಳು. ಹಜಿರಾ ಬೀ ಮೊದಲು ಗಾಬರಿಯಾಗಿ ದೇವರ ಹೆಸರು ಹೇಳುತ್ತಿದ್ದಳು. ತಿಂಗಳ ಕೊನೆಗೆ ಅಂಬರೀಷ ಸರ್‌ಗೇ ತಪ್ಪು ತೋರಿಸತೊಡಗಿದಳು.

ಹೊಸ ಸೈಟು ಸಿದ್ಧವಾದ ದಿನ ಬಿಳಿ ಟೊಪ್ಪಿಗೆಯ, ಸಣಕಲು ಯುವಕನೊಬ್ಬ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ.

"ಇಲ್ಲಿ ರಕ್ತ ಕೊಡೋರ ಹೆಸರು ತಗೋತಾರಂತಲ್ರಿ. ನಂದೂ ತಗೋರಿ."

"ಹೆಸರು?" ಎಂದು ದೀಪಾಲಿ ಕೀಲಿಮಣೆಯ ಮೇಲೆ ಕೈಯಿಟ್ಟಳು.

"ಏಕನಾಥ. ಬೇಮಳಖೇಡ."

ಅವಳ ಬೆರಳುಗಳು ಅಲ್ಲೇ ನಿಂತವು. ಗುಲಾಮ್ ರಸೂಲರು ತಲೆ ತಗ್ಗಿಸಿದರು. ಆ ಹುಡುಗನಿಗೆ ಇವಳು ಯಾರೆಂದು ಗೊತ್ತಿರಲಿಲ್ಲ.

"ಕೂಸು ಹ್ಯಾಂಗದ್ರಿ?" ಎಂದು ಕೇಳಿದಳು.

"ಛಲೋ ಅದರಿ. ನಮ್ಮವ್ವನ ಹತ್ರ ಅದ." ಆಮೇಲೆ ತಾನಾಗಿಯೇ ಹೇಳಿದ. "ಅವತ್ತ ಏನೋ ಮಷಿನ್ ಕೆಟ್ಟಿತ್ತಂತ್ರಿ. ಈಗ ದುರಸ್ತಿ ಆಗ್ಯಾದಿಲ್ರಿ?"

"ಆಗ್ಯಾದ್ರಿ," ಎಂದಳು ದೀಪಾಲಿ. "ಅದು ಮಷಿನ್ ತಪ್ಪಲ್ಲಣ್ಣಾ. ಕಟ್ಟಿದಾಕಿದು ತಪ್ಪು. ಆಕಿ ನಾನು."

ಏಕನಾಥ ಅವಳನ್ನು ನೋಡಿದ. ಸಿಟ್ಟು ಮಾಡಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಬರಕೋರಿ ಅಕ್ಕಾ," ಎಂದ ಕೊನೆಗೆ. ಹೊಸ ಸೈಟಿನಲ್ಲಿ ದೀಪಾಲಿ ಮೊದಲು ಬರೆದ ಹೆಸರು ಅದು. ಅವನು ಹೋದ ಮೇಲೆ ಹಳೆಯ ಕಡತಗಳನ್ನೆಲ್ಲ ಅಳಿಸಿದಳು.

ಶ್ರಾವಣದಲ್ಲಿ ಬಸವಕಲ್ಯಾಣಕ್ಕೆ ತಿರುಗಿ ಬಂದಾಗ ಪಡಸಾಲೆಯ ಚಹರೆಯೇ ಬದಲಾಗಿತ್ತು. ಭಾಗಮ್ಮ ತನ್ನ ಚಾಪೆ, ಎಲೆ ಅಡಿಕೆಯ ಡಬ್ಬಿ ಎಲ್ಲವನ್ನೂ ಫೋನಿನ ಪಕ್ಕಕ್ಕೆ ತಂದುಕೊಂಡಿದ್ದಳು. ಗಂಟೆ ಹೊಡೆದರೆ ಸಾಕು, ಬೇರೆ ಯಾರಿಗೂ ಎತ್ತಲು ಬಿಡುತ್ತಿರಲಿಲ್ಲ. "ಹಲೋ, ದೀಪಾಲಿ ಇದ್ದಾಳ್ರಿ! ಕರೀಲೇನು?" ಎಂದೇ ಶುರು. ಯೂರಿಯಾ ಬಂತೇ ಎಂದು ಕೇಳಲು ಫೋನು ಮಾಡಿದ ರೈತರು ಕಕ್ಕಾಬಿಕ್ಕಿಯಾಗುತ್ತಿದ್ದರು. ಬಸವಕುಮಾರ ನಗುತ್ತಿದ್ದ. ದೀಪಾಲಿಗೆ ನಗಲಾಗುತ್ತಿರಲಿಲ್ಲ, ಒಳಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ರೂಪಾಲಿ ಬಂದವಳು ಸುದ್ದಿ ತಂದಳು. ಸೈಟು ಮತ್ತೊಮ್ಮೆ ನಿಂತಿತ್ತಂತೆ. ಹಜಿರಾ ಬೀ ಒಬ್ಬಳೇ ಕೂತು, ಚಹಾ ಆರುವುದರೊಳಗೆ ಸರಿಮಾಡಿದಳಂತೆ. ಅದೇ ದಿನ ಲಾರಿ ಡ್ರೈವರ್ ಒಬ್ಬನಿಗೆ ರಕ್ತ ಬೇಕಾಗಿ, ಬೇಮಳಖೇಡದ ಏಕನಾಥನೇ ಹೋಗಿ ಕೊಟ್ಟು ಬಂದನಂತೆ. ಡ್ರೈವರ್ ಉಳಿದ. ದೀಪಾಲಿಗೆ ಯಾರೂ ಫೋನು ಮಾಡಿರಲಿಲ್ಲ, ಮಾಡಬೇಕೆಂದು ಯಾರಿಗೂ ಹೊಳೆದಿರಲೂ ಇಲ್ಲ.

ಕೇಳುತ್ತ ಕೂತಿದ್ದ ಭಾಗಮ್ಮನಿಗೆ ಅದು ಸರಿಬರಲಿಲ್ಲ.

"ಇಷ್ಟ ದಿನದಿಂದ ಕಾಯಾಕತ್ತೀನಿ. ನಿನ್ನ ಕೇಳಿ ಒಂದ ಫೋನರೆ ಬರಬಾರದಾ, ದೀಪಾಲಿ?"

"ಇನ್ನ ಬರಂಗಿಲ್ಲಾಯಿ. ಬರೋ ಗರಜ ಬೀಳಬಾರದು ಅಂತನ ಹಂಗ ಕಟ್ಟೀನಿ."

ಮುದುಕಿ ಅವಳ ಮುಖವನ್ನೇ ನೋಡಿದಳು. ಫೋನಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಆದ್ರೂ ನಾ ಇಲ್ಲೇ ಕೂಡ್ತೀನಿ," ಎಂದಳು.